ಬೇಡದ ಕರೆ, ಬೇಡದ ಸಂದೇಶ: ಮನೆಯಲ್ಲಿ ನಾವು ಮಾಡಬಹುದಾದುದೇನು?



ಅಲೆಕ್ಸಾಂಡರ್ ಗ್ರಹಾಂ ಬೆಲ್ ದೂರವಾಣಿಗೆ ಪೇಟೆಂಟು ಪಡೆದದ್ದು 1876ರಲ್ಲಿ. ನಮ್ಮ ದೇಶದ ಮೊದಲ ಮೊಬೈಲ್ ಕರೆ ಕಲ್ಕತ್ತದಿಂದ ದೆಹಲಿಗೆ ಹೋದದ್ದು 1995ರ ಜುಲೈ 31ರಂದು. ಇಂದು ಕಾಸರಗೋಡಿನ ಗುಡ್ಡದ ಮೇಲಣ ಒಂಟಿ ಮನೆಯಲ್ಲೂ ಮೊಬೈಲ್ ಫೋನು ಇದೆ. ಗಲ್ಫಿನಲ್ಲಿರುವ ಮಗನ ಧ್ವನಿ, ಅಡಿಕೆಯ ಧಾರಣೆ, ಮಳೆಗೆ ಶಾಲೆಗೆ ರಜೆ ಕೊಟ್ಟ ಸುದ್ದಿ ಎಲ್ಲವೂ ಅದರಲ್ಲೇ ಬರುತ್ತವೆ. ಅದರಿಂದ ಆಗಿರುವ ಉಪಕಾರ ದೊಡ್ಡದು. ಆದರೆ ಅದೇ ದಾರಿಯಿಂದ ನಾವು ಕರೆಯದವರೂ ಮನೆಯೊಳಕ್ಕೆ ಬರುತ್ತಾರೆ. ಸಾಲ ಬೇಕೇ, ವಿಮೆ ಬೇಕೇ, ಬೆಂಗಳೂರಿನಲ್ಲಿ ಸೈಟು ಬೇಕೇ, ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ಕೋಚಿಂಗ್ ಬೇಕೇ ಎಂದು ಕೇಳುತ್ತಾರೆ. ಊಟದ ಹೊತ್ತು, ಓದುವ ಹೊತ್ತು, ರೋಗಿ ಮಲಗಿದ ಹೊತ್ತು ಎಂಬ ಭೇದ ಅವರಿಗಿಲ್ಲ.

ಇದು ಸಣ್ಣ ಕಿರಿಕಿರಿ, ಸಹಿಸಿಕೊಂಡರಾಯಿತು ಎಂದು ಹಲವರು ತಿಳಿದಿದ್ದಾರೆ. ಆದರೆ ವ್ಯಾಪಾರದ ಕರೆ ಬರುವ ಬಾಗಿಲಿನಿಂದಲೇ ಮೋಸದ ಕರೆಯೂ ಬರುತ್ತದೆ. ಅದರಿಂದ ಒಂದು ಮನೆಯ ವರ್ಷಗಳ ಉಳಿತಾಯ ಒಂದೇ ಮಧ್ಯಾಹ್ನದಲ್ಲಿ ಹೋಗಬಹುದು. ಆದುದರಿಂದ ಈ ಬಾಗಿಲನ್ನು ಹಾಕಿಕೊಳ್ಳುವ ವಿಧಾನವನ್ನು ಪಾಠದಂತೆ ಕ್ರಮವಾಗಿ ಕಲಿಯೋಣ.

1. ಇಷ್ಟು ಕರೆಗಳು ಬರುವುದೇಕೆ?

ಹಿಂದೆ ಸಾಮಾನು ಮಾರುವವನು ತಲೆಯ ಮೇಲೆ ಹೊರೆ ಹೊತ್ತು, ಬಿಸಿಲಲ್ಲಿ ನಡೆದು ಮನೆಮನೆಗೆ ಬರಬೇಕಾಗಿತ್ತು. ಒಂದು ದಿನಕ್ಕೆ ಇಪ್ಪತ್ತೋ ಮೂವತ್ತೋ ಮನೆ. ಈಗ ಆ ಶ್ರಮವಿಲ್ಲ. ಕಂಪ್ಯೂಟರು ತಾನಾಗಿಯೇ ಒಂದರ ಹಿಂದೆ ಒಂದು ನಂಬರನ್ನು ಒತ್ತುತ್ತದೆ.

ಒಂದು ಲೆಕ್ಕ ಮಾಡಿ ನೋಡೋಣ. ಇದು ಕೇವಲ ಕಲ್ಪಿಸಿಕೊಂಡ ಲೆಕ್ಕ. ಒಂದು ಯಂತ್ರ ದಿನಕ್ಕೆ 10,000 ಮಂದಿಗೆ ಕರೆ ಮಾಡುತ್ತದೆ ಎಂದಿಟ್ಟುಕೊಳ್ಳಿ. ಸಾವಿರಕ್ಕೆ ಒಬ್ಬ ‘ಆಗಲಿ’ ಎಂದರೆ 10 ಮಂದಿ ಗಿರಾಕಿಗಳಾದರು. ಒಬ್ಬೊಬ್ಬರಿಂದ 2,000 ರೂಪಾಯಿ ಸಿಕ್ಕಿದರೂ ದಿನಕ್ಕೆ 20,000 ರೂಪಾಯಿ. ಉಳಿದ 9,990 ಮಂದಿಗೆ ಆದ ತೊಂದರೆ ಆ ವ್ಯಾಪಾರಿಯ ಲೆಕ್ಕಪುಸ್ತಕದಲ್ಲಿ ಎಲ್ಲೂ ಬರುವುದಿಲ್ಲ. ಬೇಡದ ಕರೆಗಳು ಹೆಚ್ಚುವುದಕ್ಕೆ ಮುಖ್ಯ ಕಾರಣ ಇದೇ.

ಕೆಲವೊಮ್ಮೆ ಫೋನೆತ್ತಿದರೆ ಆ ಕಡೆಯಿಂದ ಸದ್ದೇ ಇರುವುದಿಲ್ಲ. ಯಂತ್ರ ಒಟ್ಟಿಗೆ ಹಲವು ನಂಬರುಗಳಿಗೆ ಕರೆ ಮಾಡಿರುತ್ತದೆ. ಮಾತಾಡುವವರು ಕೆಲವರೇ ಇರುವುದರಿಂದ ಕೆಲವು ಕರೆಗಳಿಗೆ ಆಳು ಸಿಗುವುದಿಲ್ಲ. ಈ ನಂಬರು ಬಳಕೆಯಲ್ಲಿದೆಯೇ ಎಂದು ನೋಡುವುದಕ್ಕೂ ಇಂಥ ಕರೆ ಮಾಡುವುದುಂಟು. ಅಂಥ ನಂಬರಿಗೆ ನಾವು ತಿರುಗಿ ಕರೆ ಮಾಡುವ ಅಗತ್ಯವಿಲ್ಲ.

2. ನಮ್ಮ ನಂಬರು ಅವರಿಗೆ ಸಿಗುವುದು ಹೇಗೆ?

ಯಂತ್ರ ಅಂದಾಜಿನಲ್ಲಿ ಒತ್ತಿದ ನಂಬರು ನಮ್ಮದಾಗಿರಬಹುದು. ಆದರೆ ಅನೇಕ ಸಲ ನಮ್ಮ ನಂಬರನ್ನು ಕೊಟ್ಟವರು ನಾವೇ.

ಓಣಂ ಸಮಯದಲ್ಲಿ ಪೇಟೆಗೆ ಬಟ್ಟೆಗೆಂದು ಹೋಗುತ್ತೇವೆ. ಬಿಲ್ಲಿನ ಜೊತೆ ಅದೃಷ್ಟದ ಕೂಪನು ಕೊಡುತ್ತಾರೆ. ಹೆಸರು, ವಿಳಾಸ, ಫೋನ್ ನಂಬರು ಬರೆದು ಡಬ್ಬಕ್ಕೆ ಹಾಕುತ್ತೇವೆ. ಕಾರು ಒಬ್ಬರಿಗೆ ಬರುತ್ತದೆ, ಡಬ್ಬದಲ್ಲಿದ್ದ ನಂಬರುಗಳೆಲ್ಲ ಅಂಗಡಿಯಲ್ಲಿ ಉಳಿಯುತ್ತವೆ. ಅದೇ ರೀತಿ ವಸ್ತುಪ್ರದರ್ಶನದ ಮಳಿಗೆ, ಮುಂದಿನ ಓದಿನ ಬಗ್ಗೆ ನಡೆಯುವ ಮೇಳ, ಉಚಿತ ಆಟದ ಆ್ಯಪು, ‘ನೀವು ಯಾವ ಹೂವಿನಂಥವರು’ ಎಂಬಂಥ ಮೊಬೈಲಿನ ಪ್ರಶ್ನೋತ್ತರ, ಎಲ್ಲವೂ ನಂಬರನ್ನು ಕೇಳುತ್ತವೆ. ಹೀಗೆ ಸೇರಿದ ಪಟ್ಟಿಗಳು ಕೈಯಿಂದ ಕೈಗೆ ಮಾರಾಟವಾಗುವುದೂ ಉಂಟು.

ಮೊಬೈಲಿನಲ್ಲಿ ಆ್ಯಪು ಹಾಕುವಾಗ ‘ನಿಮ್ಮ ಸಂಪರ್ಕಗಳ ಪಟ್ಟಿಯನ್ನು ನೋಡಲೇ?’ ಎಂದು ಅದು ಕೇಳುತ್ತದೆ. ಯೋಚಿಸದೆ ಒಪ್ಪಿದರೆ ನಮ್ಮದಷ್ಟೇ ಅಲ್ಲ, ಅಜ್ಜಿಯ, ಅತ್ತೆಯ, ಅಧ್ಯಾಪಕರ ನಂಬರುಗಳನ್ನೂ ನಾವು ಒಪ್ಪಿಸಿದಂತಾಗುತ್ತದೆ. ಅವರ ನಂಬರನ್ನು ಕೊಡಲು ನಮಗೆ ಅಧಿಕಾರ ಕೊಟ್ಟವರು ಯಾರು? ಈ ಪ್ರಶ್ನೆಯನ್ನು ನಾವು ನಮಗೇ ಕೇಳಿಕೊಳ್ಳಬೇಕು.

ಆದುದರಿಂದ ಮೊದಲ ನಿಯಮ: ನಂಬರು ಕೇಳಿದಲ್ಲಿ ‘ಇದು ಯಾಕೆ ಬೇಕು?’ ಎಂದು ಕೇಳಬೇಕು. ಬಿಲ್ಲು ಮಾಡಲು ನಂಬರು ಕೊಡಲೇಬೇಕೆಂದು ಅಂಗಡಿಯವರು ಒತ್ತಾಯಿಸುವಂತಿಲ್ಲವೆಂದು ಕೇಂದ್ರ ಸರಕಾರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿ ಸ್ಪಷ್ಟಪಡಿಸಿದೆ. ‘ನಂಬರು ಬೇಡ, ಹಾಗೆಯೇ ಬಿಲ್ಲು ಕೊಡಿ’ ಎನ್ನುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

3. ಕಾನೂನು ಏನೆನ್ನುತ್ತದೆ?

ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವನ್ನು ಸಂಕ್ಷೇಪವಾಗಿ ಟ್ರಾಯ್ ಎನ್ನುತ್ತಾರೆ. ಜಾಹೀರಾತಿನ ಕರೆ ಬೇಡವೆನ್ನುವವರ ರಾಷ್ಟ್ರೀಯ ಪಟ್ಟಿಯೊಂದು ಇದರ ನಿಯಮದಂತೆ 2007ರಲ್ಲಿ ಆರಂಭವಾಯಿತು. ಅದು ಸಾಲದೆ ಹೋದಾಗ ಹೆಚ್ಚು ಬಿಗಿಯಾದ ನಿಯಮಗಳು 2011ರ ಸೆಪ್ಟೆಂಬರ್ 27ರಿಂದ ಜಾರಿಗೆ ಬಂದುವು. 2018ರ ಜುಲೈಯಲ್ಲಿ ಮತ್ತೆ ಹೊಸ ನಿಯಮಗಳಾದುವು. 2025ರ ಫೆಬ್ರವರಿಯಲ್ಲಿ ಅವುಗಳಿಗೆ ತಿದ್ದುಪಡಿಯಾಯಿತು. ಒಂದು ಬೇಲಿ ಹಾಕಿದರೆ ವ್ಯಾಪಾರಿಗಳು ಇನ್ನೊಂದು ಕಂಡಿ ಹುಡುಕುತ್ತಾರೆ. ಆದುದರಿಂದಲೇ ನಿಯಮಗಳನ್ನು ಹೀಗೆ ಮತ್ತೆ ಮತ್ತೆ ತಿದ್ದಬೇಕಾಯಿತು.

ಈ ನಿಯಮಗಳ ತಿರುಳು ‘ಸಮ್ಮತಿ’ ಎಂಬ ಒಂದೇ ಶಬ್ದದಲ್ಲಿದೆ. ಜಾಹೀರಾತು ಬೇಡವೆಂದು ನಾವು ನೋಂದಾಯಿಸಿದ ಮೇಲೆ ನಮ್ಮ ಸಮ್ಮತಿಯಿಲ್ಲದೆ ಯಾರೂ ಜಾಹೀರಾತು ಕಳುಹಿಸಬಾರದು. ಆದರೆ ಒಂದು ಅಂಗಡಿಗೆ ನಾವೇ ಸಮ್ಮತಿ ಕೊಟ್ಟಿದ್ದರೆ, ಬೇಡವೆಂದು ನೋಂದಾಯಿಸಿದ ಬಳಿಕವೂ ಆ ಅಂಗಡಿಯ ಸಂದೇಶ ಬರಬಹುದು. ಕೊಟ್ಟ ಸಮ್ಮತಿಯನ್ನು ಹಿಂತೆಗೆದುಕೊಳ್ಳುವ ಹಕ್ಕೂ ನಮಗಿದೆ. ಕೂಪನಿನ ಕೆಳಗೆ ಸಣ್ಣ ಅಕ್ಷರದಲ್ಲಿರುವುದನ್ನು ಓದಬೇಕೆನ್ನುವುದು ಇದಕ್ಕಾಗಿಯೇ.

ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ಮಂದಿ ನ್ಯಾಯಾಧೀಶರ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ತೀರ್ಪಿತ್ತಿತು. ಆ ದಾವೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅನಂತರ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆಂದು ಸಂಸತ್ತು ಒಂದು ಕಾಯಿದೆಯನ್ನು ಮಾಡಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದುವು. ಹಂತ ಹಂತವಾಗಿ ಜಾರಿಗೆ ಬರುವಂತೆ ಅವನ್ನು ರೂಪಿಸಲಾಗಿದೆ. ಈ ಕಾಯಿದೆಯಂತೆ 18 ವರ್ಷ ತುಂಬದವರ ಮಾಹಿತಿಯನ್ನು ಪಡೆಯಲು ಹೆತ್ತವರ ಒಪ್ಪಿಗೆ ಬೇಕು. ಆದುದರಿಂದ ನಮ್ಮ ಶಾಲೆಯ ಮಕ್ಕಳು ಯಾವ ಫಾರಮಿನಲ್ಲೇ ಆಗಲಿ ನಂಬರು ಬರೆಯುವ ಮೊದಲು ಮನೆಯಲ್ಲಿ ಕೇಳಿಕೊಳ್ಳುವುದು ಶಿಸ್ತೂ ಹೌದು, ಕಾನೂನಿಗೆ ಒಪ್ಪುವ ನಡತೆಯೂ ಹೌದು.

4. ಬೇಡವೆಂದು ನೋಂದಾಯಿಸುವ ಕ್ರಮ

ಇದಕ್ಕೆ ಖರ್ಚಿಲ್ಲ. ನೆನಪಿಡಬೇಕಾದ ನಂಬರು 1909.

(ಅ) ಯಾವ ಫೋನಿಗೆ ಕರೆ ಬರಬಾರದೋ ಅದೇ ಫೋನಿನಿಂದ 1909ಕ್ಕೆ ಕರೆ ಮಾಡಿ, ಅಲ್ಲಿ ಹೇಳಿದಂತೆ ಒತ್ತುತ್ತಾ ಹೋಗಬೇಕು. ಮನೆಯ ಸ್ಥಿರ ದೂರವಾಣಿಯನ್ನೂ ಹೀಗೆ ನೋಂದಾಯಿಸಬಹುದು.

(ಆ) ಸಂದೇಶದ ಮೂಲಕವೂ ಮಾಡಬಹುದು. ‘ಸ್ಟಾರ್ಟ್’ ಎಂಬ ಶಬ್ದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಸ್ವಲ್ಪ ಜಾಗ ಬಿಟ್ಟು, ಸೊನ್ನೆ ಹಾಕಿ 1909ಕ್ಕೆ ಕಳುಹಿಸಬೇಕು. ಎಲ್ಲ ಬಗೆಯ ಜಾಹೀರಾತೂ ಬೇಡ ಎಂದು ಇದರ ಅರ್ಥ. ನೋಂದಣಿಯಾದುದಕ್ಕೆ ಉತ್ತರ ಬರುತ್ತದೆ. ಅದನ್ನು ಅಳಿಸದೆ ಇಟ್ಟುಕೊಳ್ಳಬೇಕು.

(ಇ) ಬ್ಯಾಂಕು, ವಿದ್ಯಾಭ್ಯಾಸ, ಆರೋಗ್ಯ, ಪ್ರವಾಸ ಮೊದಲಾದ ವಿಭಾಗಗಳಿವೆ. ಒಂದೆರಡು ವಿಭಾಗ ಬೇಕು, ಉಳಿದುದು ಬೇಡ ಎನ್ನುವವರು ಹಾಗೆಯೂ ಆರಿಸಿಕೊಳ್ಳಬಹುದು.

‘ಹೀಗೆ ಮಾಡಿದರೆ ಬ್ಯಾಂಕಿನ ಸಂದೇಶವೂ ನಿಂತುಹೋದೀತಲ್ಲ?’ ಎಂದು ಹಿರಿಯರು ಹೆದರುವುದುಂಟು. ಹಾಗಾಗುವುದಿಲ್ಲ. ಹಣ ಜಮೆಯಾದ ಸಂದೇಶ, ಒ.ಟಿ.ಪಿ., ಗ್ಯಾಸಿನ ಬುಕಿಂಗು, ಸರಕಾರದ ಮುನ್ನೆಚ್ಚರಿಕೆ ಇವೆಲ್ಲ ಎಂದಿನಂತೆ ಬರುತ್ತವೆ. ನಿಲ್ಲುವುದು ಜಾಹೀರಾತು ಮಾತ್ರ.

ನಮ್ಮ ಗಡಿನಾಡಿನಲ್ಲಿ ಕೆಲವರ ಸಿಮ್ ಕೇರಳದ್ದು, ಕೆಲವರದು ಮಂಗಳೂರಿನಿಂದ ತಂದದ್ದು. ಅದರಿಂದ ವ್ಯತ್ಯಾಸವಿಲ್ಲ. ಈ ವ್ಯವಸ್ಥೆ ಇಡೀ ದೇಶಕ್ಕೆ ಒಂದೇ. ಒಂದು ಮನೆಯಲ್ಲಿ ನಾಲ್ಕು ಸಿಮ್ ಇದ್ದರೆ ನಾಲ್ಕನ್ನೂ ಬೇರೆಬೇರೆಯಾಗಿ ನೋಂದಾಯಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು. ವಾಟ್ಸಾಪಿನಲ್ಲಿ ಬರುವ ಜಾಹೀರಾತಿಗೆ ಈ ನೋಂದಣಿ ತಾಗುವುದಿಲ್ಲ. ಅಂಥ ನಂಬರನ್ನು ವಾಟ್ಸಾಪಿನ ಒಳಗೇ ತಡೆದು, ಅಲ್ಲಿಯೇ ದೂರು ಕೊಡಬೇಕು.

5. ಗುರುತಿಸುವುದು, ದೂರು ಕೊಡುವುದು

ನಿಯಮದಂತೆ ನಡೆಯುವ ಜಾಹೀರಾತಿನ ಕರೆ 140ರಿಂದ ಆರಂಭವಾಗುವ ನಂಬರಿನಿಂದ ಬರಬೇಕು. ಬ್ಯಾಂಕು, ಹಣಕಾಸು ಸಂಸ್ಥೆ ಹಾಗೂ ಸರಕಾರದ ಸೇವಾ ಕರೆಗಳಿಗೆಂದು 1600ರಿಂದ ಆರಂಭವಾಗುವ ನಂಬರುಗಳನ್ನು ಮೀಸಲಿಟ್ಟಿದ್ದಾರೆ. ಸಂದೇಶ ಕಳುಹಿಸಿದವರ ಹೆಸರಿನ ತುದಿಯಲ್ಲಿ ಈಗ ಒಂದು ಇಂಗ್ಲಿಷ್ ಅಕ್ಷರವಿರುತ್ತದೆ. ‘ಪಿ’ ಎಂದರೆ ಜಾಹೀರಾತು, ‘ಎಸ್’ ಎಂದರೆ ಸೇವೆ, ‘ಟಿ’ ಎಂದರೆ ವ್ಯವಹಾರ, ‘ಜಿ’ ಎಂದರೆ ಸರಕಾರ. ಮನೆಯ ಹಿರಿಯರಿಗೆ ಈ ನಾಲ್ಕು ಅಕ್ಷರಗಳನ್ನು ತೋರಿಸಿಕೊಡುವುದು ಮಕ್ಕಳ ಕೆಲಸ.

ಆದರೆ ಹೆಚ್ಚಿನ ಕಾಟ ಸಾಮಾನ್ಯ ಹತ್ತಂಕಿಯ ನಂಬರಿನಿಂದ ಕದ್ದು ಕರೆ ಮಾಡುವವರದು. ಇವರ ಮೇಲೆ ದೂರು ಕೊಡಬೇಕು. ಕರೆ ಬಂದ ನಂಬರು, ದಿನಾಂಕ, ಅವರು ಹೇಳಿದ ವಿಷಯ ಇಷ್ಟನ್ನು ಬರೆದಿಟ್ಟುಕೊಂಡು 1909ಕ್ಕೆ ತಿಳಿಸಬೇಕು. ಟ್ರಾಯ್‌ನ ಡಿ.ಎನ್.ಡಿ. ಎಂಬ ಆ್ಯಪಿನ ಮೂಲಕವೂ ಕೊಡಬಹುದು. ಮೊದಲು ಮೂರು ದಿನಗಳೊಳಗೆ ದೂರು ಕೊಡಬೇಕಾಗಿತ್ತು. 2025ರ ತಿದ್ದುಪಡಿಯಂತೆ ಏಳು ದಿನಗಳ ಅವಕಾಶವಿದೆ. ನೋಂದಾಯಿಸದವರೂ ಇಂಥ ಕದ್ದ ಕರೆಗಳ ಮೇಲೆ ದೂರು ಕೊಡಬಹುದು.

‘ನಾನೊಬ್ಬ ದೂರು ಕೊಟ್ಟರೆ ಏನಾದೀತು?’ ಎನ್ನುವವರಿಗೆ ಉತ್ತರ ಅದೇ ತಿದ್ದುಪಡಿಯಲ್ಲಿದೆ. ಒಂದು ನಂಬರಿನ ಮೇಲೆ ಹತ್ತು ದಿನಗಳೊಳಗೆ ಐದು ದೂರುಗಳು ಬಂದರೆ ಕ್ರಮ ಕೈಗೊಳ್ಳಲು ಸಾಕು. ಮೊದಲ ತಪ್ಪಿಗೆ ಆ ಫೋನಿನಿಂದ ಹೊರಹೋಗುವ ಕರೆಗಳನ್ನು 15 ದಿನ ತಡೆಯುತ್ತಾರೆ. ಮತ್ತೆ ಅದೇ ತಪ್ಪು ಮಾಡಿದರೆ ಒಂದು ವರ್ಷ ಸಂಪರ್ಕವನ್ನೇ ಕಡಿಯುತ್ತಾರೆ. ಹನಿಗೂಡಿದರೆ ಹಳ್ಳ, ಐದು ಮನೆ ಕೂಡಿದರೆ ಒಂದು ಕಾಟ ದೂರ.

6. ವ್ಯಾಪಾರದ ಕರೆ ಬೇರೆ, ಮೋಸದ ಕರೆ ಬೇರೆ

ವ್ಯಾಪಾರದ ಕರೆ ಮಾಡುವವರಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ದುಡಿಯುವ ಯುವಕ ಯುವತಿಯರು. ನಮ್ಮ ಊರಿನಿಂದಲೇ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಕಾಲ್ ಸೆಂಟರಿನಲ್ಲಿ ಕೆಲಸ ಮಾಡುವವರಿದ್ದಾರೆ. ಅವರನ್ನು ಬಯ್ಯಬಾರದು. ‘ನಮಗೆ ಬೇಡ, ಈ ನಂಬರಿಗೆ ಇನ್ನು ಕರೆ ಮಾಡಬೇಡಿ, ನಮಸ್ಕಾರ’ ಎಂದು ಹೇಳಿ ಇಟ್ಟುಬಿಟ್ಟರೆ ಸಾಕು. ‘ಆಮೇಲೆ ನೋಡೋಣ’ ಎನ್ನಬಾರದು. ಆ ಮಾತಿಗೆ ‘ನಾಳೆ ಮತ್ತೆ ಮಾಡಿ’ ಎಂದೇ ಅರ್ಥ.

ಮೋಸದ ಕರೆ ಹಾಗಲ್ಲ. ಅದಕ್ಕೆ ಎರಡು ಆಯುಧಗಳು, ಆಸೆ ಮತ್ತು ಹೆದರಿಕೆ.

ಆಸೆಗೆ ಉದಾಹರಣೆ ಲಾಟರಿ. ಕೇರಳ ಸರಕಾರದ ಲಾಟರಿ 1967ರಲ್ಲಿ ಆರಂಭವಾಗಿ, ಮೊದಲ ಡ್ರಾ 1968ರ ಜನವರಿ 26ರಂದು ನಡೆಯಿತು. ಅದು ಕಾಗದದ ಟಿಕೇಟಿನ ಲಾಟರಿ. ಅದನ್ನು ಆನ್‌ಲೈನಿನಲ್ಲಾಗಲಿ ವಾಟ್ಸಾಪಿನಲ್ಲಾಗಲಿ ಮಾರುವುದಿಲ್ಲ. ಟಿಕೇಟು ಕೊಳ್ಳದವರಿಗೆ ಬಹುಮಾನ ಬರುವುದಾದರೂ ಹೇಗೆ? ‘ಬಹುಮಾನ ಬಂದಿದೆ, ತೆರಿಗೆಯನ್ನು ಮೊದಲು ಕಳುಹಿಸಿ’ ಎನ್ನುವವನು ಖಂಡಿತ ಮೋಸಗಾರ.

ಹೆದರಿಕೆಗೆ ಉದಾಹರಣೆ ‘ನಾವು ಪೊಲೀಸರು, ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಫೋನು ಇಡಬಾರದು, ಯಾರಿಗೂ ಹೇಳಬಾರದು’ ಎಂಬ ಕರೆ. ನಮ್ಮ ದೇಶದ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಟ್ರಾಯ್‌ನ ಹೆಸರು ಹೇಳಿ ‘ಎರಡು ಗಂಟೆಯೊಳಗೆ ನಿಮ್ಮ ಸಿಮ್ ಬಂದ್ ಆಗುತ್ತದೆ’ ಎಂದು ಬೆದರಿಸುವವರೂ ಇದ್ದಾರೆ. ಟ್ರಾಯ್ ಹಾಗೆ ಯಾರಿಗೂ ಕರೆ ಮಾಡುವುದಿಲ್ಲ. ಯಾರಿಗೂ ಹೇಳಬಾರದು ಎಂದ ಕೂಡಲೇ ಮನೆಯವರಿಗೆಲ್ಲ ಹೇಳಬೇಕು. ಒ.ಟಿ.ಪಿ.ಯನ್ನು 1600ರ ನಂಬರಿನಿಂದ ಕೇಳಿದರೂ ಕೊಡಬಾರದು.

ಸಂಶಯದ ಕರೆಯನ್ನು ದೂರಸಂಪರ್ಕ ಇಲಾಖೆಯ ‘ಸಂಚಾರ್ ಸಾಥಿ’ಯಲ್ಲಿರುವ ‘ಚಕ್ಷು’ ವಿಭಾಗಕ್ಕೆ ತಿಳಿಸಬಹುದು. ಇದು 2024ರ ಮಾರ್ಚಿನಲ್ಲಿ ಆರಂಭವಾಯಿತು. ಹಣ ಹೋಗಿಯೇ ಬಿಟ್ಟಿದ್ದರೆ ಒಂದು ಕ್ಷಣವೂ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಖಾತೆಯಿಂದ ಖಾತೆಗೆ ಓಡುವ ಮೊದಲು ತಿಳಿಸಿದರೆ ಅದನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು. ಹಣ ಕಳಕೊಂಡ ಹಿರಿಯರು ನಾಚಿಕೆಯಿಂದ ಎರಡು ದಿನ ಸುಮ್ಮನಿದ್ದರೆ ಮೋಸಗಾರನಿಗೇ ಲಾಭ. ಆದುದರಿಂದ ಮನೆಯಲ್ಲಿ ಯಾರು ಮೋಸಹೋದರೂ ಅವರನ್ನು ಹಂಗಿಸಬಾರದು. ಹಂಗಿಸುವ ಮನೆಯಲ್ಲಿ ಯಾರೂ ಸಮಯಕ್ಕೆ ಸತ್ಯ ಹೇಳುವುದಿಲ್ಲ.

7. ನಮ್ಮ ಮರ್ಯಾದೆ, ನಮ್ಮ ಭಾಷೆ

ನಮ್ಮ ಕಡೆಯ ಮನೆಗಳಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟು ಕೂರಿಸಿ ಮಾತನಾಡಿಸುವುದು ಪದ್ಧತಿ. ಎದುರಿನವರು ಮಾತಾಡುತ್ತಿರುವಾಗ ಎದ್ದು ಹೋಗುವುದು ಮರ್ಯಾದೆಯಲ್ಲ. ಇದೇ ಅಭ್ಯಾಸದಿಂದ ಅಜ್ಜ ಅಜ್ಜಿಯಂದಿರು ಫೋನಿನಲ್ಲೂ ಅಪರಿಚಿತನ ಮಾತನ್ನು ಕೊನೆಯವರೆಗೆ ಕೇಳುತ್ತಾರೆ, ಕೇಳಿದ್ದಕ್ಕೆಲ್ಲ ಉತ್ತರ ಕೊಡುತ್ತಾರೆ. ಹೊಸ್ತಿಲಿಗೆ ಬಂದ ಅತಿಥಿಯ ಮುಖ ಕಾಣುತ್ತದೆ, ಅವನ ಊರು ಮನೆ ವಿಚಾರಿಸಬಹುದು. ಫೋನಿನಲ್ಲಿ ಬಂದವನ ಮುಖವಿಲ್ಲ, ಊರಿಲ್ಲ. ಅವನ ಮಾತನ್ನು ನಡುವೆ ನಿಲ್ಲಿಸಿದರೆ ಅತಿಥಿಸತ್ಕಾರಕ್ಕೆ ಕುಂದಿಲ್ಲ ಎಂದು ಹಿರಿಯರಿಗೆ ಮೆಲ್ಲಗೆ ತಿಳಿಸಬೇಕು.

ಇನ್ನೊಂದು ವಿಚಾರ ಗಡಿನಾಡಿನವರಾದ ನಮಗೇ ವಿಶೇಷವಾದುದು. ಆಫೀಸು, ಬ್ಯಾಂಕು, ಬಸ್ಸಿನ ಬೋರ್ಡು ಎಲ್ಲೆಲ್ಲೂ ಬೇರೆ ಭಾಷೆಯನ್ನೇ ಕಾಣುವ ನಮ್ಮ ಹಿರಿಯರಿಗೆ ಫೋನಿನಲ್ಲಿ ‘ನಮಸ್ಕಾರ, ಚೆನ್ನಾಗಿದ್ದೀರಾ?’ ಎಂಬ ಕನ್ನಡ ಕೇಳಿದೊಡನೆ ಮನಸ್ಸು ಅರಳುತ್ತದೆ. ‘ನಮ್ಮವರೇ’ ಎಂಬ ನಂಬಿಕೆ ಬರುತ್ತದೆ. ಭಾಷೆಯ ಮೇಲಿನ ಈ ಪ್ರೀತಿ ಒಳ್ಳೆಯದೇ. ಆದರೆ ಕನ್ನಡ ಬಲ್ಲವರೆಲ್ಲ ನಮ್ಮ ಹಿತೈಷಿಗಳಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ.

ಇದಕ್ಕೆ ವಿರುದ್ಧವಾದ ತೊಂದರೆಯೂ ಉಂಟು. ಬ್ಯಾಂಕಿನ ನಿಜವಾದ ಎಚ್ಚರಿಕೆಯ ಸಂದೇಶ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇರುತ್ತದೆ. ಹಿರಿಯರಿಗೆ ಅದು ಓದಲು ಬಾರದು. ‘ಇದೇನೆಂದು ನೋಡು ಮಗಾ’ ಎಂದು ಫೋನನ್ನು ನಮ್ಮ ಕೈಗೆ ಕೊಡುತ್ತಾರೆ. ಕನ್ನಡ ಶಾಲೆಯಲ್ಲಿ ಓದುವ ನಾವು ಕನ್ನಡ, ಮಲಯಾಳ, ಇಂಗ್ಲಿಷ್, ಹಿಂದಿ ನಾಲ್ಕನ್ನೂ ಕಲಿಯುತ್ತೇವೆ. ಮನೆಯಲ್ಲಿ ನಾವೇ ಓದಿ ಹೇಳುವವರು. ಆಗ ಆಟದ ಗಡಿಬಿಡಿಯಲ್ಲಿ ‘ಏನೂ ಇಲ್ಲ ಅಜ್ಜಾ’ ಎಂದು ಹೇಳಿ ಓಡಿಹೋದರೆ ಎಷ್ಟು ನಷ್ಟವಾದೀತು! ನಿಧಾನವಾಗಿ ಓದಿ, ಅರ್ಥ ಹೇಳಿ, ಬೇಕಾದುದನ್ನು ಉಳಿಸಿ, ಬೇಡವಾದುದನ್ನು ಅವರ ಎದುರಿಗೇ ಅಳಿಸಬೇಕು.

ಗುರುತಿಲ್ಲದ ನಂಬರನ್ನು ಎತ್ತಲೇ ಬೇಡಿ ಎಂದು ಉಪದೇಶಿಸುವುದು ಸುಲಭ. ಆದರೆ ಗಲ್ಫಿನಿಂದ ಮಗ ಗೆಳೆಯನ ಫೋನಿನಲ್ಲಿ ಕರೆ ಮಾಡಿರಬಹುದು, ಆಸ್ಪತ್ರೆಯಿಂದ ಯಾರೋ ಕರೆದಿರಬಹುದು. ಅದಕ್ಕೆ ಹೀಗೆ ಮಾಡಬಹುದು: ಹತ್ತಿರದವರ, ಶಾಲೆಯ, ವೈದ್ಯರ ನಂಬರುಗಳನ್ನು ಹಿರಿಯರ ಫೋನಿನಲ್ಲಿ ಕನ್ನಡದಲ್ಲೇ ಹೆಸರು ಹಾಕಿ ಸೇರಿಸಿಡಬೇಕು. ಬೇರೆ ಕರೆ ಎತ್ತಿದಾಗ ಮೊದಲು ‘ಯಾರು, ಯಾವ ವಿಷಯ?’ ಎಂದು ಕೇಳಬೇಕು, ನಮ್ಮ ಹೆಸರು ವಿವರ ಹೇಳಬಾರದು. ಹಣದ ಮಾತು ಬಂದಲ್ಲಿಗೆ ಕರೆ ಮುಗಿಯಬೇಕು.

ಅಭ್ಯಾಸ

1. ಮನೆಯಲ್ಲಿರುವ ಸಿಮ್‌ಗಳೆಷ್ಟು? ಅವುಗಳಲ್ಲಿ 1909ರಲ್ಲಿ ನೋಂದಣಿಯಾದವು ಎಷ್ಟು? ಉಳಿದುವನ್ನು ಹೆತ್ತವರ ಒಪ್ಪಿಗೆ ಪಡೆದು ನೋಂದಾಯಿಸಿರಿ.

2. ಹದಿನೈದು ದಿನಗಳ ಕಾಲ ಬೇಡದ ಕರೆಗಳ ದಿನಾಂಕ, ಹೊತ್ತು, ನಂಬರು, ವಿಷಯಗಳನ್ನು ಪುಸ್ತಕದಲ್ಲಿ ಬರೆಯಿರಿ. ಯಾವ ಬಗೆಯ ಕರೆ ಹೆಚ್ಚು?

3. ಫೋನಿಗೆ ಬಂದ ಹತ್ತು ಸಂದೇಶಗಳ ಹೆಸರಿನ ತುದಿಯ ಅಕ್ಷರವನ್ನು ನೋಡಿ ಅವುಗಳನ್ನು ವಿಂಗಡಿಸಿರಿ.

4. 1909, 1930 ಈ ಎರಡು ನಂಬರುಗಳನ್ನೂ ಅವುಗಳ ಉಪಯೋಗವನ್ನೂ ದೊಡ್ಡ ಕನ್ನಡ ಅಕ್ಷರದಲ್ಲಿ ಬರೆದು, ಅಜ್ಜ ಅಜ್ಜಿಯರಿಗೆ ಕಾಣುವಲ್ಲಿ ಗೋಡೆಯ ಕ್ಯಾಲೆಂಡರಿನ ಬಳಿ ಅಂಟಿಸಿರಿ.

5. ‘ಬೇಡ’ ಎಂದು ಮರ್ಯಾದೆಯಿಂದ ಹೇಳುವ ಮಾತನ್ನು ಕನ್ನಡ, ಮಲಯಾಳ, ಹಿಂದಿ ಮೂರರಲ್ಲೂ ಬರೆದು, ಮನೆಯವರೊಂದಿಗೆ ಆಡಿ ಅಭ್ಯಾಸ ಮಾಡಿರಿ.

ಈ ಪಾಠಕ್ಕೆ ಪರೀಕ್ಷೆಯಿಲ್ಲ, ಅಂಕಗಳೂ ಇಲ್ಲ. ಆದರೆ ಇದನ್ನು ಕಲಿತ ಮಗು ಇರುವ ಮನೆಯಲ್ಲಿ ಹಿರಿಯರು ನಿಶ್ಚಿಂತೆಯಿಂದ ಫೋನೆತ್ತಿಯಾರು. ಮುಂದಿನ ವರ್ಷದ ಸಂಚಿಕೆ ಹೊರಬರುವಷ್ಟರಲ್ಲಿ ನಮ್ಮ ಶಾಲೆಯ ಪ್ರತಿಯೊಂದು ಮಗುವಿನ ಮನೆಯೂ 1909ರಲ್ಲಿ ನೋಂದಣಿಯಾಗಿರಲಿ ಎಂಬುದು ನಮ್ಮ ಹಾರೈಕೆ.